ಹಳೆಯ ಟ್ರ್ಯಾಕ್ಟರು ಸ್ಟಾರ್ಟ್ ಆಗದಿದ್ದಾಗ: ಪಂಪು ಬಿಚ್ಚುವ ಮೊದಲು

ನಮ್ಮ ಸದಸ್ಯರಲ್ಲಿ ಹಲವರ ಟ್ರ್ಯಾಕ್ಟರು ಅವರ ಮಕ್ಕಳಿಗಿಂತ ವಯಸ್ಸಿನಲ್ಲಿ ಹಿರಿಯದು. ಇಪ್ಪತ್ತೈದು ಮೂವತ್ತು ವರ್ಷ ದುಡಿದ ಈ ಗಾಡಿಗಳು ಇಂದಿಗೂ ಅಡಿಕೆ ಕೊನೆ, ಕಾಫಿ ಮೂಟೆ, ಗೊಬ್ಬರ, ಸೌದೆ ಹೊರುತ್ತಿವೆ. ಬೇಸಿಗೆಯಲ್ಲಿ ಸ್ಪ್ರಿಂಕ್ಲರಿನ ಪಂಪನ್ನೂ ತಿರುಗಿಸುತ್ತಿವೆ. ಇವು ಕೈಕೊಡುವುದು ಹೆಚ್ಚಾಗಿ ವರ್ಷದಲ್ಲಿ ಎರಡು ಸಲ. ಒಂದು, ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಕೊಯ್ಲಿಗೆಂದು ಹೊರಗೆ ತೆಗೆಯುವ ದಿನ. ಇನ್ನೊಂದು, ರೊಬಸ್ಟಾ ತೋಟಕ್ಕೆ ಹೂವಿನ ನೀರು ಕೊಡಬೇಕಾದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಎರಡೂ ಕೆಲಸಗಳು ನಾಳೆಗೆ ಕಾಯುವಂಥವಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತೋಟದಲ್ಲೇ ನಡೆದುದನ್ನು ಮೊದಲು ಹೇಳುತ್ತೇನೆ. ಹೂವಿನ ನೀರು ಶುರುಮಾಡಿ ಒಂದು ಪಟ್ಟೆ ಮುಗಿದಿತ್ತು. ಎರಡನೆಯದರಲ್ಲಿ ಸ್ಪ್ರಿಂಕ್ಲರು ಅರ್ಧ ಹೊತ್ತು ತಿರುಗಿದ್ದಾಗ ಇಂಜಿನು ನಿಂತಿತು. ಮರುದಿನ ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ. ಬಂದ ಮಿಸ್ತ್ರಿ ‘ಡೀಸೆಲ್ ಪಂಪು ಹೋಗಿದೆ’ ಎಂದರು. ಬಿಚ್ಚಲು ಒಪ್ಪಿದವನು ನಾನೇ. ಪಂಪು ಪಟ್ಟಣಕ್ಕೆ ಹೋಗಿ ಬರಲು ಆರು ದಿನ ಹಿಡಿಯಿತು. ಖರ್ಚು ಆ ವರ್ಷದ ಮೆಣಸಿನ ಹಣದಲ್ಲಿ ದೊಡ್ಡ ಪಾಲನ್ನೇ ತಿಂದಿತು. ಜೋಡಿಸಿದ ಮೇಲೆ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಮತ್ತೆ ನಿಂತಿತು. ಡೀಸೆಲ್ ಎಷ್ಟಿದೆ ನೋಡೋಣವೆಂದು ಡ್ರೈವರು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲೆಂದು ಬಿಟ್ಟ ಸಣ್ಣ ತೂತನ್ನು ಕಣಜದ ಹುಳು ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಟ್ಟಿತ್ತು. ಟ್ಯಾಂಕಿನಿಂದ ಹೊರಟ ಡೀಸೆಲಿನ ಜಾಗಕ್ಕೆ ಗಾಳಿ ಬರುವಂತಿರಲಿಲ್ಲ. ಹಾಗಾಗಿ ಡೀಸೆಲ್ ಹೊರಡುವುದೇ ನಿಂತಿತ್ತು. ಒಂದು ಗೋಣಿ ಹೊಲಿಯುವ ಸೂಜಿಯಿಂದ ರಿಪೇರಿ ಮುಗಿಯಿತು. ಆದರೆ ಅರೆನೀರು ಕುಡಿದ ಪಟ್ಟೆಯಲ್ಲಿ ಮೊಗ್ಗು ಸರಿಯಾಗಿ ಅರಳಲಿಲ್ಲ. ಆ ಫಸಲು ಹೋದದ್ದು ಹೋಯಿತು.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಇಂಜಿನು ಹತ್ತದಿದ್ದರೆ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಕಡೆಗೆ ಹೋಗಬೇಕು; ಪಂಪಿಗೆ ಸ್ಪ್ಯಾನರ್ ಹಾಕುವುದು ಎಲ್ಲದಕ್ಕೂ ಕೊನೆಯಲ್ಲಿ. ಇಲ್ಲಿ ಹೇಳಿದ ಬಹುಪಾಲು ಪರೀಕ್ಷೆಗಳನ್ನು ಮಿಸ್ತ್ರಿ ಬರುವ ಮೊದಲು ನಾವೇ ಮಾಡಿಕೊಳ್ಳಬಹುದು.

ಇವು ಹಳೆಯ ಮಾದರಿಯ, ಕೇವಲ ಯಾಂತ್ರಿಕ ಪಂಪು ಇರುವ ಇಂಜಿನುಗಳಿಗೆ ಮಾತ್ರ ಅನ್ವಯಿಸುತ್ತವೆ. ಹೊಸದಾಗಿ ಬಂದಿರುವ ‘ಕಾಮನ್ ರೈಲ್’ ಇಂಜಿನಿನಲ್ಲಿ ಡೀಸೆಲಿನ ಒತ್ತಡ ಬಹಳ ಹೆಚ್ಚು. ಅದರ ನಾಜಲ್ ಪೈಪನ್ನು ಯಾರೂ ಸಡಿಲಿಸಬಾರದು.

ಇಂಜಿನಿಗೆ ಬೇಕಾದುದು ಮೂರು

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲೆವು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು ಈ ತತ್ತ್ವದ ಮೇಲೆ ಕಟ್ಟಿದ ಇಂಜಿನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಯಿತು. ನಮ್ಮ ಟ್ರ್ಯಾಕ್ಟರಿನ ತತ್ತ್ವವೂ ಅದೇ. ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು ಹದಿನೇಳನೆಯ ಒಂದು ಭಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ಅದೇ ಗಳಿಗೆಯಲ್ಲಿ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ. ಇಲ್ಲಿ ಪೆಟ್ರೋಲ್ ಗಾಡಿಯಂತೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾರ್ಬೊರೇಟರೂ ಇಲ್ಲ.

ಆದ್ದರಿಂದ ಹತ್ತದ ಇಂಜಿನಿಗೆ ಮೂರೇ ಪ್ರಶ್ನೆ. ಒಂದು, ಸಾಕಷ್ಟು ವೇಗವಾಗಿ ತಿರುಗುತ್ತಿದೆಯೆ? ಎರಡು, ಡೀಸೆಲ್ ನಾಜಲಿನವರೆಗೆ ಮುಟ್ಟುತ್ತಿದೆಯೆ? ಮೂರು, ಒಳಗೆ ಬಂದ ಗಾಳಿ ಸೋರದೆ ಚೆನ್ನಾಗಿ ಕಾಯುತ್ತಿದೆಯೆ? ಇದೇ ಅನುಕ್ರಮದಲ್ಲಿ ನೋಡುತ್ತ ಹೋದರೆ ದಾರಿ ತಪ್ಪುವುದಿಲ್ಲ.

ಮೊದಲು ಜೀವ, ಆಮೇಲೆ ಇಂಜಿನು

ನಮ್ಮದು ಇಳಿಜಾರಿನ ನಾಡು. ಚಕ್ರದ ಹಿಂದೆ ಮುಂದೆ ಕಲ್ಲು ಕೊಡಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ಗೇರು ಮತ್ತು ಪಿ.ಟಿ.ಓ. ಲಿವರುಗಳನ್ನು ನ್ಯೂಟ್ರಲ್‌ಗೆ ತರಬೇಕು. ನೆಲದಲ್ಲಿ ನಿಂತು, ಸೆಲ್ಫ್ ಮೋಟಾರಿನ ಎರಡು ತಿರುಪುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುವ ಅಭ್ಯಾಸ ಹಲವು ಡ್ರೈವರುಗಳಿಗಿದೆ. ಗಾಡಿ ಗೇರಿನಲ್ಲಿದ್ದರೆ ಇಂಜಿನು ಹತ್ತಿದ ಕ್ಷಣವೇ ಮುಂದಕ್ಕೆ ಹಾರುತ್ತದೆ. ಹಾಗೆ ನಿಂತವನ ಜಾಗ ಹಿಂಚಕ್ರದ ಎದುರಿಗೇ ಇರುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಸೆಲ್ಫ್ ಹೊಡೆಯುವುದು ಸೀಟಿನಲ್ಲಿ ಕುಳಿತೇ ಎಂಬ ನಿಯಮವನ್ನು ಪ್ರತಿ ತೋಟದಲ್ಲೂ ಮಾಡಬೇಕು.

ಮಳೆಗಾಲದಲ್ಲಿ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುವುದುಂಟು. ಆಗ ಕ್ಲಚ್ ಒತ್ತಿದ್ದರೂ ಗಾಡಿ ಮುಂದೆ ಹೋಗುತ್ತದೆ. ಕ್ಲಚ್ಚನ್ನು ನಂಬಿ ಗೇರಿನಲ್ಲಿ ಸ್ಟಾರ್ಟ್ ಮಾಡಬಾರದು.

ಮೊದಲ ಪ್ರಶ್ನೆ: ತಿರುಗುತ್ತಿದೆಯೆ?

ಹೆಡ್‌ಲೈಟು ಹಾಕಿ ಸೆಲ್ಫ್ ಒತ್ತಿರಿ. ಒಬ್ಬರು ದೀಪವನ್ನು ನೋಡುತ್ತಿರಲಿ.

ದೀಪ ಪೂರ್ತಿ ಮಂಕಾಗಿ ‘ಕಟಕಟಕಟ’ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಟರ್ಮಿನಲ್ ಕೆಟ್ಟಿದೆ. ದೀಪ ಪ್ರಕಾಶವಾಗಿಯೇ ಇದ್ದು ಏನೂ ಸದ್ದಿಲ್ಲವಾದರೆ ಕರೆಂಟು ಸೆಲ್ಫಿನವರೆಗೆ ಹೋಗುತ್ತಿಲ್ಲ: ಸ್ವಿಚ್ಚು, ವೈರು ಅಥವಾ ನ್ಯೂಟ್ರಲ್ ಸ್ವಿಚ್ಚನ್ನು ನೋಡಬೇಕು. ಕೆಲವು ಗಾಡಿಗಳಲ್ಲಿ ಗೇರು ಲಿವರು ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಲಿವರನ್ನು ಸ್ವಲ್ಪ ಅಲ್ಲಾಡಿಸಿ ನೋಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ‘ಟಕ್’ ಎಂದು ಒಂದೇ ಸದ್ದಾಗಿ ನಿಂತರೆ ಸೆಲ್ಫಿನ ಸೊಲೆನಾಯ್ಡ್ ಅಥವಾ ಕಾರ್ಬನ್ನಿನ ದೋಷವಿರಬಹುದು. ಇಲ್ಲವೆ ಇಂಜಿನೇ ಬಿಗಿದಿರಬಹುದು.

ಬಿಗಿದ ಇಂಜಿನಿನ ವಿಷಯದಲ್ಲಿ ಮಲೆನಾಡಿನವರು ವಿಶೇಷ ಎಚ್ಚರ ವಹಿಸಬೇಕು. ಸೈಲೆನ್ಸರು ಮೇಲ್ಮುಖವಾಗಿರುವ ಗಾಡಿಯನ್ನು ಬಯಲಲ್ಲಿ ಬಿಟ್ಟರೆ ಮಳೆನೀರು ಕೊಳವೆಯೊಳಗೆ ಇಳಿದು, ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ಸೇರುತ್ತದೆ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಸಾಧ್ಯವಿಲ್ಲ. ಬಲವಂತವಾಗಿ ಸೆಲ್ಫ್ ಹೊಡೆದರೆ, ಎಳೆದು ಸ್ಟಾರ್ಟ್ ಮಾಡಿದರೆ, ಕನೆಕ್ಟಿಂಗ್ ರಾಡು ಬಾಗುತ್ತದೆ. ಇಂಥ ಸಂಶಯವಿದ್ದರೆ ನಾಜಲುಗಳನ್ನು ಬಿಚ್ಚಿಸಿ, ಇಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ನೀರು ಹೊರಹೋದ ಮೇಲೆಯೇ ಮುಂದುವರಿಯಬೇಕು. ಇಂಜಿನ್ ಆಯಿಲಿಗೂ ನೀರು ಇಳಿದಿರುವುದುಂಟು; ಅಳತೆ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ಕಂಡರೆ ಅದನ್ನು ಬದಲಾಯಿಸದೆ ಓಡಿಸಕೂಡದು. ಸೈಲೆನ್ಸರಿನ ಬಾಯಿಗೆ ಒಂದು ಖಾಲಿ ಡಬ್ಬ ಕವುಚಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಇನ್ನು ಬ್ಯಾಟರಿ. ವೋಲ್ಟ್ ಮೀಟರಿನಲ್ಲಿ 12.6 ಬಂದರೆ ಪೂರ್ತಿ ಚಾರ್ಜು, 12.2 ಬಂದರೆ ಸುಮಾರು ಅರ್ಧ. ಆದರೆ ಸುಮ್ಮನಿರುವಾಗ ಸರಿಯಾಗಿ ತೋರಿಸಿ ಹೊರೆ ಬಿದ್ದಾಗ ಕುಸಿಯುವ ಬ್ಯಾಟರಿಗಳೂ ಇವೆ. ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು, ಆಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಚಾರ್ಜಿಲ್ಲದೆ ಇಳಿದಿರಬೇಕು, ಇಲ್ಲವೆ ಆಯುಷ್ಯ ಮುಗಿದಿರಬೇಕು. ಹೈಡ್ರೋಮೀಟರಿನಲ್ಲಿ ಆ್ಯಸಿಡ್ಡಿನ ಸಾಂದ್ರತೆ 1.250ರ ಮೇಲಿದ್ದರೆ ಒಳ್ಳೆಯದು, 1.200 ಇದ್ದರೆ ಅರ್ಧ ಇಳಿದಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ಐದು ಮನೆ ಸರಿಯಾಗಿದ್ದು ಒಂದೇ ಮನೆ ತೀರ ಕಡಿಮೆ ತೋರಿಸಿದರೆ ಆ ಮನೆ ಸತ್ತಿದೆ. ಚಾರ್ಜು ಮಾಡಿಸಿ ಫಲವಿಲ್ಲ. ಚಾರ್ಜಾಗುವ ಬ್ಯಾಟರಿಯಿಂದ ಹೊರಬರುವ ಅನಿಲ ಸಿಡಿಯುವಂಥದು. ಬೀಡಿ, ಚಿಮಣಿ, ಕಿಡಿ ಹತ್ತಿರ ಬರಬಾರದು.

ಬ್ಯಾಟರಿ ಬದಲಿಸುವ ಮೊದಲು ಟರ್ಮಿನಲ್ಲುಗಳನ್ನು ಬಿಚ್ಚಿ ನೋಡಿರಿ. ನಮ್ಮಲ್ಲಿ ಗೊಬ್ಬರದ ಚೀಲ, ಮೈಲುತುತ್ತ, ಟ್ರ್ಯಾಕ್ಟರು ಎಲ್ಲವೂ ಒಂದೇ ಶೆಡ್ಡಿನಲ್ಲಿರುತ್ತವೆ. ಪೊಟ್ಯಾಷ್ ಗೊಬ್ಬರ ಮಳೆಗಾಲದ ಗಾಳಿಯಿಂದ ನೀರು ಹೀರಿ, ಹತ್ತಿರದ ಲೋಹವನ್ನು ತಿನ್ನುತ್ತದೆ. ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ತೊಳೆದು, ಉಪ್ಪುಕಾಗದದಿಂದ ಸೀಸ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಬೇಕು. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಬೀಳಬಾರದು. ಬಹಳ ಮಂದಿ ಮರೆಯುವುದು ಅರ್ತ್ ಪಟ್ಟಿಯ ಇನ್ನೊಂದು ತುದಿಯನ್ನು. ಅದು ಚಾಸಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಕೂತರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ವರ್ತಿಸುತ್ತದೆ. ಸೆಲ್ಫ್ ಹೊಡೆದ ಕೂಡಲೇ ಮುಟ್ಟಿ ನೋಡಿದರೆ ಕೆಟ್ಟ ಜೋಡಣೆ ಬಿಸಿಯಾಗಿರುತ್ತದೆ.

ಇಂಜಿನು ನಿಧಾನವಾಗಿ ‘ಊಂ... ಊಂ...’ ಎಂದು ತಿರುಗುತ್ತಿದ್ದರೆ ಅದನ್ನು ‘ತಿರುಗುತ್ತಿದೆ’ ಎಂದು ಲೆಕ್ಕಕ್ಕೆ ಹಿಡಿಯಬಾರದು. ನಿಧಾನವಾಗಿ ಒತ್ತಿದ ಗಾಳಿಯ ಶಾಖ ತಣ್ಣನೆಯ ಸಿಲಿಂಡರಿಗೆ ಇಳಿದುಹೋಗುತ್ತದೆ, ಸ್ವಲ್ಪ ಗಾಳಿ ರಿಂಗಿನ ಸಂದಿಯಲ್ಲೂ ಸೋರುತ್ತದೆ. ಆಗ ಡೀಸೆಲ್ ಎಷ್ಟು ಒಳ್ಳೆಯದಾಗಿದ್ದರೂ ಹತ್ತುವುದಿಲ್ಲ.

ಎರಡನೆಯ ಪ್ರಶ್ನೆ: ಹೊಗೆ ಏನು ಹೇಳುತ್ತದೆ?

ಚೆನ್ನಾಗಿ ತಿರುಗುತ್ತಿದೆಯೆಂದು ಖಚಿತವಾದ ಮೇಲೆ ಹತ್ತು ಸೆಕೆಂಡು ಸೆಲ್ಫ್ ಹೊಡೆದು ಸೈಲೆನ್ಸರನ್ನು ನೋಡಿರಿ. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒಮ್ಮೆಗೇ ಹೊಡೆಯಬಾರದು. ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಇಲ್ಲವಾದರೆ ಸೆಲ್ಫ್ ಮೋಟಾರೂ ಸುಟ್ಟು ಒಂದು ರಿಪೇರಿ ಎರಡಾಗುತ್ತದೆ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟುತ್ತಿದೆ, ಆದರೆ ಉರಿಯುತ್ತಿಲ್ಲ. ಹತ್ತಲು ಒದ್ದಾಡುತ್ತ ಕಪ್ಪು ಹೊಗೆ ಬಿಟ್ಟರೆ ಗಾಳಿ ಸಾಲದು. ಈ ಮೂರು ಮಾತು ನೆನಪಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಹೊಗೆ ನೋಡದೆ ಪಂಪು ಬಿಚ್ಚುವುದು, ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಹೊಗೆ ಇಲ್ಲದಿದ್ದರೆ: ಡೀಸೆಲಿನ ದಾರಿ ಹಿಡಿದು ಹೋಗುವುದು

ಮೊಟ್ಟಮೊದಲು ಸ್ಟಾಪ್ ಕೇಬಲ್. ಇಂಜಿನು ನಿಲ್ಲಿಸಲು ಎಳೆದ ಗುಬುಟು ಹಿಂದಕ್ಕೆ ಹೋಗಿರಬಹುದು. ಆದರೆ ಒಳಗಿನ ತಂತಿ ತುಕ್ಕು ಹಿಡಿದು ಪಂಪಿನ ಲಿವರು ‘ನಿಲ್ಲು’ ಎಂಬ ಜಾಗದಲ್ಲೇ ಉಳಿದಿರುತ್ತದೆ. ಬಾನೆಟ್ ಎತ್ತಿ ಪಂಪಿನ ಬಳಿಯ ಲಿವರು ನಿಜವಾಗಿ ಹಿಂದಕ್ಕೆ ಬಂದಿದೆಯೇ ಎಂದು ಕಣ್ಣಾರೆ ನೋಡಬೇಕು. ಮಳೆಗಾಲ ಕಳೆದ ಗಾಡಿಯಲ್ಲಿ ಇದು ಸಾಮಾನ್ಯ ದೋಷ. ಎರಡು ಹನಿ ಎಣ್ಣೆಯ ಕೆಲಸ.

ಎರಡನೆಯದು ಟ್ಯಾಂಕು. ಡೀಸೆಲ್ ಕಡಿಮೆಯಿದ್ದು ಗಾಡಿ ಇಳಿಜಾರಿನಲ್ಲಿ ವಾಲಿದ್ದರೆ ಕೊಳವೆಯ ಬಾಯಿಗೆ ಡೀಸೆಲ್ ಸಿಗದು. ಕಾಕು ತೆರೆದಿದೆಯೇ, ಮುಚ್ಚಳದ ತೂತು ತೆರೆದಿದೆಯೇ ನೋಡಿ. ಬಳಿಕ ಫೀಡ್ ಪಂಪಿಗೆ ಬರುವ ಪೈಪನ್ನು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಟ್ಯಾಂಕು ಮೇಲಿದ್ದು ಡೀಸೆಲ್ ತಾನಾಗಿ ಇಳಿದುಬರುವ ಗಾಡಿಗಳಲ್ಲಿ ಧಾರೆ ಕಡಿಯದೆ ಬರಬೇಕು. ಮೊದಲು ಚೆನ್ನಾಗಿ ಬಂದು ಕ್ರಮೇಣ ಸಣ್ಣಗಾಗಿ ನಿಂತರೆ, ಮುಚ್ಚಳ ತೆಗೆದಾಗ ಮತ್ತೆ ಬಂದರೆ, ದೋಷ ಮುಚ್ಚಳದ್ದೇ. ಮುಚ್ಚಳ ತೆಗೆದರೂ ಬರದಿದ್ದರೆ ಟ್ಯಾಂಕಿನ ತಳದ ಜಾಲರಿಯಲ್ಲಿ ಕಸ ಕಟ್ಟಿದೆ.

ಆ ಬಾಟಲಿಯನ್ನು ಚೆಲ್ಲದೆ ಅರ್ಧ ಗಂಟೆ ನೆಟ್ಟಗೆ ಇಡಿರಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ನೀರು ಎಲ್ಲಿಂದ ಬಂತೆಂದು ಹಲವರು ಕೇಳುತ್ತಾರೆ. ಅರ್ಧ ತುಂಬಿದ ಟ್ಯಾಂಕಿನ ಒಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಯಾಗುತ್ತದೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿಯುವ ಬ್ಯಾರಲು ಉಸಿರೆಳೆದಂತೆ ಆ ನೀರನ್ನು ಬಿರಡೆಯ ಸಂದಿಯಿಂದ ಒಳಗೆಳೆದುಕೊಳ್ಳುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬೂಷ್ಟಿನಂಥ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟುವುದೂ ಉಂಟು. ‘2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಹಳೇ ಗಾಡಿಗೆ ಆಗದು’ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಆ ಡೀಸೆಲಿನಲ್ಲಿ ಗಂಧಕದ ಅಂಶವನ್ನು ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕೆ ಇಳಿಸಲಾಗಿದೆ. ಗಂಧಕ ಕಡಿಮೆಯಾದ ಮಾತ್ರಕ್ಕೆ ಇಂಜಿನು ಹತ್ತದೆ ಇರುವುದಿಲ್ಲ. ಬಂಕನ್ನು ದೂರುವ ಮೊದಲು ನಮ್ಮ ಬ್ಯಾರಲು, ನಮ್ಮ ಕ್ಯಾನು, ನಮ್ಮ ಆಲಿಕೆಗಳನ್ನು ನೋಡಿಕೊಳ್ಳುವುದು ಮೇಲು.

ಮೂರನೆಯದು ಫೀಡ್ ಪಂಪು ಮತ್ತು ಫಿಲ್ಟರು. ಫೀಡ್ ಪಂಪಿನ ಕೆಳಗಿನ ಗಾಜಿನ ಬಟ್ಟಲು, ಜಾಲರಿಗಳನ್ನು ತೊಳೆದು ಹಾಕಿರಿ. ಕೈ ಲಿವರು ಒತ್ತಿದಾಗ ಬಲವೇ ಇಲ್ಲದೆ ಸುಮ್ಮನೆ ಆಡಿದರೆ ಪಂಪು ಕೆಟ್ಟಿತೆಂದು ತಿಳಿಯಬೇಡಿ. ಅದನ್ನು ತಳ್ಳುವ ಕ್ಯಾಮು ಎತ್ತರದಲ್ಲಿ ನಿಂತಿದ್ದರೆ ಹಾಗಾಗುತ್ತದೆ. ಇಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ ನೋಡಿರಿ. ಆಗಲೂ ಬಲವಿಲ್ಲದಿದ್ದರೆ ಒಳಗಿನ ಪೊರೆ ಹರಿದಿರಬಹುದು.

ಏರ್ ತೆಗೆಯುವ ಕ್ರಮ

ಡೀಸೆಲ್ ಮುಗಿದು ನಿಂತ, ಫಿಲ್ಟರು ಬದಲಾಯಿಸಿದ, ಬಹಳ ದಿನ ನಿಂತ ಗಾಡಿಯ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಪಂಪು ಆ ಗಾಳಿಯನ್ನು ಒತ್ತುತ್ತಲೇ ಇರುತ್ತದೆ. ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ನಾಜಲ್ ಮಾತ್ರ ತೆರೆಯುವುದಿಲ್ಲ.

ಟ್ಯಾಂಕಿನ ಕಡೆಯಿಂದ ಇಂಜಿನಿನ ಕಡೆಗೆ ಬರಬೇಕು, ಹಿಂದು ಮುಂದಾಗಬಾರದು. ಮೊದಲ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ನೊರೆ ಹೋಗಿ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈ ಲಿವರು ಒತ್ತಿ, ಒತ್ತುತ್ತಿರುವಾಗಲೇ ತಿರುಪು ಬಿಗಿ ಮಾಡಿರಿ. ಬಳಿಕ ಎರಡನೆಯ ಫಿಲ್ಟರು, ಆಮೇಲೆ ಡೀಸೆಲ್ ಪಂಪಿನ ಮೇಲಿನ ತಿರುಪು. ಕೊನೆಯಲ್ಲಿ ನಾಜಲಿನ ತುದಿಯ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ವೇಗದ ಲಿವರು ಪೂರ್ತಿ ಎಳೆದು, ಸೆಲ್ಫ್ ಹೊಡೆಯಿರಿ. ಪ್ರತಿ ನಟ್ಟಿನಿಂದಲೂ ಡೀಸೆಲ್ ಚಿಮ್ಮಿ ಚಿಮ್ಮಿ ಬಂದರೆ ಬಿಗಿ ಮಾಡಿರಿ. ಬಹುತೇಕ ಗಾಡಿಗಳು ಇಲ್ಲಿಗೆ ಹತ್ತಿಕೊಳ್ಳುತ್ತವೆ.

ಈ ಕೆಲಸದಲ್ಲಿ ಕೈಯನ್ನು ಧಾರೆಗೆ ಒಡ್ಡಬಾರದು. ನಾಜಲ್ ತೆರೆಯುವ ಒತ್ತಡ ವಾಯುಮಂಡಲದ ಒತ್ತಡದ ಇನ್ನೂರು ಪಟ್ಟಿನಷ್ಟಿರುತ್ತದೆ. ಆ ಸೂಜಿ ಧಾರೆ ಚರ್ಮ ತೂರಿ ಒಳಗೆ ಹೋದರೆ ಗಾಯ ಸಣ್ಣದಾಗಿ ಕಂಡರೂ ಬೆರಳನ್ನೇ ಕಳೆಯಬೇಕಾಗಬಹುದು. ಹಾಗಾದರೆ ನೋವಿಲ್ಲವೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದ ಮೇಲೆ ಗಾಡಿ ಓಡಿ, ಮರುದಿನ ಮತ್ತೆ ಹತ್ತದಿದ್ದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಡೀಸೆಲನ್ನು ಎಳೆದುಕೊಳ್ಳುವ ಕಡೆಯ ಬಿರುಕಿನಿಂದ ಇಂಜಿನು ಓಡುವಾಗ ಹೊರಗೆ ಒಂದು ಹನಿಯೂ ಸೋರದಿರಬಹುದು, ಒಳಕ್ಕೆ ಮಾತ್ರ ಗಾಳಿ ಹೋಗುತ್ತಿರುತ್ತದೆ. ಆದ್ದರಿಂದಲೇ ಇದನ್ನು ಹುಡುಕುವುದು ಕಷ್ಟ. ಗಟ್ಟಿಯಾಗಿ ಬಿರಿದ ರಬ್ಬರ್ ಪೈಪು, ವಾಷರು, ಒಂದೇ ತಾಮ್ರದ ವಾಷರನ್ನು ಹತ್ತು ಸಲ ಬಿಗಿ ಮಾಡಿದ್ದು, ಫಿಲ್ಟರಿನ ಬಟ್ಟಲಿನ ರಬ್ಬರ್ ಉಂಗುರ – ಇವೇ ಕಾರಣ. ತಾಮ್ರದ ವಾಷರು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮಸಿ ಉಜ್ಜಿ ಬಳಸಬಹುದು. ಮತ್ತೆ ಮೆತ್ತಗಾಗಿ ಕೂರುತ್ತದೆ.

ಬಿಳಿ ಹೊಗೆ ಬಂದರೆ: ಮೂರನೆಯ ಪ್ರಶ್ನೆ

ಡೀಸೆಲ್ ಬರುತ್ತಿದೆ, ಗಾಳಿ ಕಾಯುತ್ತಿಲ್ಲ. ಮೊದಲು ಬ್ಯಾಟರಿಯ ವೇಗವನ್ನೇ ಮತ್ತೊಮ್ಮೆ ಅನುಮಾನಿಸಿರಿ. ಒಳ್ಳೆಯ ಬ್ಯಾಟರಿಯೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಸತ್ಯ ಗೊತ್ತಾಗುತ್ತದೆ. ಬಾಟಲಿಯಲ್ಲಿ ನೀರು ಕಂಡಿದ್ದರೆ ಕಾರಣ ಅದೂ ಇರಬಹುದು. ಹೀಟರ್ ಇರುವ ಗಾಡಿಗಳಲ್ಲಿ ಅದು ಕಾಯುತ್ತಿದೆಯೇ ನೋಡಬೇಕು.

ಬಳಿಕ ಕಂಪ್ರೆಶನ್. ಸ್ಟಾಪ್ ಗುಬುಟು ಎಳೆದಿಟ್ಟು ಸೆಲ್ಫ್ ಹೊಡೆದು ಕಿವಿಗೊಡಿರಿ. ಆರೋಗ್ಯವಂತ ಇಂಜಿನು ಸಮನಾದ ತಾಳದಲ್ಲಿ ತಿರುಗುತ್ತದೆ. ಒಂದು ಸಿಲಿಂಡರಿನ ಒತ್ತಡ ಸೋರಿದ್ದರೆ ಆ ಪಾಳಿಯಲ್ಲಿ ತಾಳ ತಪ್ಪಿ, ಇಂಜಿನು ಹಗುರವಾಗಿ ಓಡಿದಂತೆ ಕೇಳಿಸುತ್ತದೆ. ಸರಿಯಾದ ಅಳತೆ ಬೇಕಿದ್ದರೆ ಮಿಸ್ತ್ರಿ ಮೀಟರು ಹಾಕಿ ನೋಡಬೇಕು. ನಾಜಲ್ ತೂತಿನಿಂದ ಒಂದೆರಡು ಚಮಚ ಎಣ್ಣೆ ಬಿಟ್ಟು ಅಳೆದಾಗ ಒತ್ತಡ ಏರಿದರೆ ರಿಂಗು, ಲೈನರು ಸವೆದಿವೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟಿನ ದೋಷ. ಈಚೆಗೆ ಹೆಡ್ ಬಿಚ್ಚಿದ ಗಾಡಿಯಾದರೆ ಟ್ಯಾಪೆಟ್ ಅತಿ ಬಿಗಿಯಾಗಿರಬಹುದು.

ಟೈಮಿಂಗ್ ಬಗ್ಗೆ ಒಂದು ಮಾತು. ನಿನ್ನೆ ಸರಿಯಾಗಿ ಓಡಿದ, ಯಾರೂ ಕೈಹಾಕದ ಇಂಜಿನಿನ ಟೈಮಿಂಗ್ ರಾತ್ರೋರಾತ್ರಿ ತಪ್ಪುವುದು ಅಪರೂಪ. ಪಂಪು ಬಿಚ್ಚಿ ಜೋಡಿಸಿದ ಮೇಲೆ ಹತ್ತದಿದ್ದರೆ ಮಾತ್ರ ಮೊದಲು ಅದನ್ನೇ ನೋಡಬೇಕು. ಯಾವ ದೋಷಕ್ಕಾದರೂ ಇದೇ ಸೂತ್ರ: ಕೊನೆಯ ಸಲ ಓಡಿದಂದಿನಿಂದ ಇಂದಿನವರೆಗೆ ಏನು ಬದಲಾಯಿತು?

ಕಪ್ಪು ಹೊಗೆ ಬಂದರೆ

ಏರ್ ಕ್ಲೀನರ್ ಬಿಚ್ಚಿರಿ. ಮಳೆಗಾಲದಲ್ಲಿ ಇಲಿಗಳಿಗೆ ಇದಕ್ಕಿಂತ ಬೆಚ್ಚಗಿನ ಮನೆ ಇಲ್ಲ. ಒಣಹುಲ್ಲು, ಗೋಣಿನಾರು ತುಂಬಿರುವುದನ್ನು ಕಂಡಿದ್ದೇನೆ. ಎಣ್ಣೆ ಬಟ್ಟಲಿನ ಕ್ಲೀನರಾದರೆ ಕೊಳೆತ ಎಣ್ಣೆ ಚೆಲ್ಲಿ, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಗುರುತು ಮೀರಿದರೆ ಇಂಜಿನು ಆ ಎಣ್ಣೆಯನ್ನೇ ಎಳೆದುಕೊಂಡು ಕೈಮೀರಿ ಓಡಬಹುದು. ಕ್ಲೀನರ್ ಕಳಚಿ ಧೂಳಿನಲ್ಲಿ ಓಡಿಸುವುದು ಲೈನರನ್ನು ಉಪ್ಪುಕಾಗದದಿಂದ ಉಜ್ಜಿದಂತೆ.

ಮಾಡಬಾರದ ಮೂರು ಕೆಲಸ

ಗಾಳಿ ಬರುವ ಕೊಳವೆಯ ಬಾಯಿಗೆ ಬೆಂಕಿ ಹಚ್ಚಿದ ಬಟ್ಟೆ ಹಿಡಿಯುವುದು ಮೊದಲನೆಯದು. ಈಥರ್ ಸ್ಪ್ರೇ ಹೊಡೆಯುವುದು ಎರಡನೆಯದು. ಅದು ಪಿಸ್ಟನ್ ಮೇಲೇರುವ ಮೊದಲೇ ಸಿಡಿದು ರಿಂಗು, ಪಿಸ್ಟನ್ ಮುರಿಯುತ್ತದೆ. ಹೀಟರ್ ಇರುವ ಇಂಜಿನಿನಲ್ಲಂತೂ ಕೊಳವೆಯಲ್ಲೇ ಬೆಂಕಿ ಹೊತ್ತಬಹುದು. ಕಾರಣ ತಿಳಿಯದೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದು ಮೂರನೆಯದು. ಡೀಸೆಲೇ ಬರದ ಇಂಜಿನು ಎಷ್ಟು ಉರುಳಿದರೂ ಹತ್ತದು; ಕೆಳಗೆ ತಲಪಿದ ಗಾಡಿಯನ್ನು ಮೇಲಕ್ಕೆ ತರಲು ಇನ್ನೊಂದು ಗಾಡಿ ಬೇಕಾಗುತ್ತದೆ.

ಪಂಪನ್ನು ಯಾವಾಗ ಬಿಚ್ಚಬೇಕು?

ಪಂಪಿನವರೆಗೆ ಗುಳ್ಳೆಯಿಲ್ಲದ ಶುದ್ಧ ಡೀಸೆಲ್ ಬರುತ್ತಿದೆ, ಸ್ಟಾಪ್ ಲಿವರು ಸರಿಯಿದೆ, ಇಂಜಿನು ಚುರುಕಾಗಿ ತಿರುಗುತ್ತಿದೆ, ಆದರೂ ನಾಜಲಿನ ನಟ್ಟಿನಲ್ಲಿ ಡೀಸೆಲ್ ಚಿಮ್ಮುತ್ತಿಲ್ಲ – ಈ ನಾಲ್ಕೂ ಖಚಿತವಾದಾಗ ಮಾತ್ರ ಪಂಪಿನ ಮೇಲೆ ಸಂಶಯ ಪಡಬಹುದು. ಒಂದೇ ಪೈಪಿನಲ್ಲಿ ಬರದಿದ್ದರೆ ಉಳಿದ ಸಿಲಿಂಡರುಗಳಲ್ಲಾದರೂ ಇಂಜಿನು ತಡವರಿಸಿಕೊಂಡು ಹತ್ತಬೇಕು.

ಪಂಪಿನ ಒಳಗಿನ ಪ್ಲಂಜರು ಮತ್ತು ಬ್ಯಾರಲ್ಲಿನ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯ (2008ರಿಂದ ಅದರ ಹೆಸರು ಬಾಷ್) ಪಂಪು, ನಾಜಲುಗಳು ನಮ್ಮ ಹಲವು ಹಳೆಯ ಗಾಡಿಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಇಷ್ಟು ಸೂಕ್ಷ್ಮವಾಗಿ ಮಾಡಿದ್ದರಿಂದಲೇ. ಇಂಥದನ್ನು ಕೊಟ್ಟಿಗೆಯ ಧೂಳಿನಲ್ಲಿ, ಬನಿಯನ್ ಬಟ್ಟೆಯ ಮೇಲೆ ಹರವಿ ಬಿಚ್ಚಿದರೆ ಸರಿಯಾಗಿದ್ದುದೂ ಕೆಡುತ್ತದೆ. ಪರೀಕ್ಷಾ ಬೆಂಚು ಇರುವ ಕಡೆಗೇ ಕಳಿಸಬೇಕು. ಕಳಿಸುವ ಮೊದಲು ಪಂಪು ಇಂಜಿನಿಗೆ ಕೂರುವ ಜಾಗದ ಗುರುತುಗಳನ್ನು ನೋಡಿ, ಇಲ್ಲದಿದ್ದರೆ ಗೀರಿ ಗುರುತು ಮಾಡಿಕೊಳ್ಳಬೇಕು. ಪೈಪಿನ ಬಾಯಿಗಳನ್ನು ಚೊಕ್ಕ ಪ್ಲಾಸ್ಟಿಕ್ಕಿನಿಂದ ಕಟ್ಟಬೇಕು.

ಮಳೆಗಾಲಕ್ಕೆ ಮುಂಚೆ

ಟ್ಯಾಂಕನ್ನು ಕಂಠಮಟ್ಟ ತುಂಬಿಸಿ. ತೇವದ ಗಾಳಿಗೆ ಜಾಗ ಉಳಿಯದಿರಲಿ. ಬ್ಯಾಟರಿ ಬಿಚ್ಚಿ ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ. ಅದಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ಇಂಜಿನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಸೈಲೆನ್ಸರಿಗೆ ಡಬ್ಬ ಕವುಚಿ. ಕ್ಲಚ್ ಪೆಡಲನ್ನು ಒತ್ತಿ, ಮರದ ತುಂಡು ಕೊಟ್ಟು ನಿಲ್ಲಿಸಿ. ಗೊಬ್ಬರವನ್ನು ಬೇರೆ ಕಡೆಗೆ ಸಾಗಿಸಿ. ಡೀಸೆಲ್ ಬ್ಯಾರಲ್ಲನ್ನು ಸೂರಿನಡಿ ಸ್ವಲ್ಪ ವಾಲಿಸಿ ಇಡಿ. ತಂದ ದಿನವೇ ತಳ ಕಲಕಿ ಹಾಕದೆ ಒಂದು ದಿನ ತಿಳಿಯಾಗಲು ಬಿಟ್ಟು, ಕೊನೆಯ ನಾಲ್ಕು ಬೆರಳು ಡೀಸೆಲನ್ನು ಟ್ಯಾಂಕಿಗೆ ಹಾಕದೆ ಉಳಿಸಿ.

ಟೂಲ್ ಪೆಟ್ಟಿಗೆಯಲ್ಲಿ ಒಂದು ಜೊತೆ ಫಿಲ್ಟರು, ಹತ್ತು ತಾಮ್ರದ ವಾಷರು, ಉಪ್ಪುಕಾಗದ, ಗಾಜಿನ ಬಾಟಲಿ, ಒಂದು ಗೋಣಿ ಸೂಜಿ ಇರಲಿ. ಇವೆಲ್ಲದರ ಬೆಲೆ ಒಮ್ಮೆ ಪಂಪು ಬಿಚ್ಚಿಸುವ ಖರ್ಚಿನ ಹತ್ತಿರಕ್ಕೂ ಬಾರದು. ಹೈಡ್ರೋಮೀಟರ್ ಮತ್ತು ವೋಲ್ಟ್ ಮೀಟರನ್ನು ಪ್ರತಿ ಸದಸ್ಯರೂ ಕೊಳ್ಳಬೇಕಾಗಿಲ್ಲ. ಸಂಘದ ಗೊಬ್ಬರದ ಗೋದಾಮಿನಲ್ಲಿ ಒಂದೊಂದು ಇಟ್ಟಿದೆ. ಪುಸ್ತಕದಲ್ಲಿ ಸಹಿ ಮಾಡಿ ಒಯ್ದು, ಮರುದಿನ ತಂದುಕೊಟ್ಟರಾಯಿತು.

ಮಿಸ್ತ್ರಿ ಬಂದಾಗ ‘ಗಾಡಿ ಹತ್ತುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಚೆನ್ನಾಗಿ ತಿರುಗುತ್ತಿದೆ, ಹೊಗೆ ಇಲ್ಲ, ಫಿಲ್ಟರಿನವರೆಗೆ ಡೀಸೆಲ್ ಬರುತ್ತಿದೆ, ಅಲ್ಲಿಂದಾಚೆ ಬರುತ್ತಿಲ್ಲ’ ಎಂದು ಹೇಳಿ. ಅಷ್ಟು ಹೇಳಬಲ್ಲ ಮಾಲೀಕನ ಪಂಪು ವಿನಾಕಾರಣ ಪಟ್ಟಣದ ದಾರಿ ಹಿಡಿಯುವುದಿಲ್ಲ. ಅವನ ಮೊಗ್ಗೂ ನೀರಿಗಾಗಿ ಆರು ದಿನ ಕಾಯಬೇಕಾಗಿಲ್ಲ.

– ಕಾರ್ಯದರ್ಶಿ